ಕೆಂಪು ಗೆರೆಯ ಹಾಳೆ

ಕಂಪೋಸಿಟರಿಗೆ ಕಣ್ಣಿರಬೇಕು, ಬುದ್ಧಿ ಇರಬಾರದು. ನಂಜನಗೂಡಿನ ಪ್ರೆಸ್ಸಿಗೆ ನಾನು ಕೆಲಸಕ್ಕೆ ಸೇರಿದ ದಿನವೇ ನಮ್ಮ ಯಜಮಾನರು ಶಿವಮಲ್ಲಪ್ಪನವರು ಹೇಳಿದ ಮಾತಿದು. ಹತ್ತೊಂಬತ್ತು ವರ್ಷದ ನನಗೆ ಮೈಯೆಲ್ಲ ಉರಿದುಹೋಯಿತು. ಎಸ್ಸೆಸ್ಸೆಲ್ಸಿ ಪಾಸಾದವನು, ಲೈಬ್ರರಿಯಲ್ಲಿದ್ದ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವನು, ನನಗೆ ಬುದ್ಧಿ ಬೇಡವಂತೆ! ಈಗ ಕೆಲಸ ಬಿಟ್ಟು ಮೂರು ವರ್ಷವಾಗಿದೆ. ಡಿಟಿಪಿ ಅಂಗಡಿಗಳಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಓದಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳೇ. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಬಾಗಿಲವರೆಗೆ ಹೋಗುತ್ತೇನೆ, ಬರುತ್ತೇನೆ. "ಅದೇನ್ರೀ, ಕಾಲಿಗೆ ಚಕ್ರ ಕಟ್ಕೊಂಡಂಗೆ ಆಡ್ತೀರಿ? ಬರೆಯದಾದ್ರೆ ಬರೀರಿ, ಇಲ್ಲಾಂದ್ರೆ ಸೊಪ್ಪು ಬಿಡಿಸಿಕೊಡಿ" ಎಂದು ನನ್ನ ಹೆಂಡತಿ ಬೈಯುತ್ತಾಳೆ.

ನಿಮಗೆ ಮೊಳೆ ಜೋಡಿಸುವ ಕೆಲಸ ಗೊತ್ತಿರುವುದಿಲ್ಲ. ಸೀಸದ ಒಂದೊಂದು ಅಕ್ಷರವನ್ನೂ ಮರದ ಕೇಸಿನ ಗೂಡಿನಿಂದ ಎತ್ತಿ, ಎಡಗೈಯಲ್ಲಿ ಹಿಡಿದ ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಒತ್ತಿಗೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಸಂಜೆಗೆ ಬೆರಳ ತುದಿ ಕಪ್ಪಾಗಿ, ಅನ್ನ ಕಲಸಿದರೂ ಸೀಸದ ವಾಸನೆ ಹೋಗುತ್ತಿರಲಿಲ್ಲ. ನಮ್ಮಲ್ಲಿ ಮೊಳೆಗಳೂ ಕಡಿಮೆ. ಎಂಟು ಪುಟ ಜೋಡಿಸಿ ಅಚ್ಚು ಹಾಕಿದ ಮೇಲೆ, ಆ ಮೊಳೆಗಳನ್ನೆಲ್ಲ ಬಿಚ್ಚಿ ಗೂಡಿಗೆ ಹಾಕಿದರೆ ಮಾತ್ರ ಮುಂದಿನ ಎಂಟು ಪುಟ. ಅಂದರೆ ಒಮ್ಮೆ ಅಚ್ಚಾದದ್ದನ್ನು ತಿದ್ದುವ ಮಾತೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ವರ್ಷದ ನನ್ನ ಘನಕಾರ್ಯ ಒಂದು ಶಿವಗಣಾರಾಧನೆಯ ಕಾರ್ಡು. ತೀರಿಕೊಂಡವರು ತಂದೆ, ಕರೆಯುವವರು ಮಗ. ನಾನು ಎರಡು ಹೆಸರುಗಳನ್ನೂ ಅದಲು ಬದಲು ಮಾಡಿ ಜೋಡಿಸಿದ್ದೆ. ಮಾರನೆಯ ಬೆಳಿಗ್ಗೆ ಆ ಮಗ ಕಾರ್ಡು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತ. "ಸಾ, ನಾನ್ ಯಾವತ್ತು ಸತ್ತೆ ಅಂತ ವಸಿ ಯೋಳಿ. ಮನೇಲಿ ಎಡ್ತಿ ಕೇಳ್ತಾವ್ಳೆ" ಅಂದ. ಯಜಮಾನರು ನನಗೆ ಒಂದು ಮಾತೂ ಬೈಯಲಿಲ್ಲ. ತಾವೇ ಹೊಸ ಕಾರ್ಡು ಜೋಡಿಸಿ, ಅಚ್ಚು ಹಾಕಿ, ನನ್ನ ಕೈಗಿಟ್ಟು, "ಓಗಿ ಅವ್ರ ಮನೇಲಿ ಕೊಟ್ಟು, ತಪ್ಪು ನಂದು ಅಂತ ಏಳಿ ಬಾ" ಅಂದರು. ಹೋದೆ, ಹೇಳಿದೆ. ಆ ಸಾವಿನ ಮನೆಯವರು ನಕ್ಕು, ನನಗೆ ಊಟ ಹಾಕಿ ಕಳಿಸಿದರು. ತಪ್ಪು ಒಪ್ಪಿಕೊಂಡವನಿಗೆ ಊಟ ಸಿಗುತ್ತದೆ ಅನ್ನುವ ಪಾಠವನ್ನು ಅಲ್ಲೇ ಕಲಿಯಬಹುದಿತ್ತು. ನಾನು ಕಲಿಯಲಿಲ್ಲ.

ನಿಂಗರಾಜು ಮೇಷ್ಟ್ರು ನಮ್ಮ ಪ್ರೆಸ್ಸಿಗೆ ಬಂದದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ. ಮೂಗೂರಿನ ಹತ್ತಿರದ ಹಳ್ಳಿಯವರು. ಅವರ ಕೇರಿಯಲ್ಲಿ ಓದಿ ಮೇಷ್ಟ್ರಾದ ಮೊದಲಿಗರು. ಮೊದಲ ಮೂರು ಪುಸ್ತಕಗಳನ್ನು ನಮ್ಮಲ್ಲೇ ಅಚ್ಚು ಹಾಕಿಸಿದರು. ಮಾತು ಕಡಿಮೆ, ತಮಾಷೆ ಜಾಸ್ತಿ. ನನ್ನ ಹೆಸರು ಗುರುಸ್ವಾಮಿ ಅಂತ ಗೊತ್ತಾದ ದಿನದಿಂದ "ಏನು ಗುರುಸ್ವಾಮಿಗಳೇ, ಮಠ ಹೇಗಿದೆ?" ಅಂತಲೇ ಒಳಗೆ ಬರುತ್ತಿದ್ದರು.

ಹೊಸ ಹಾಳೆಯ ಮೇಲೆ ಅವರು ಬರೆದದ್ದನ್ನು ನಾನು ಕಂಡೇ ಇಲ್ಲ. ಮಕ್ಕಳ ಪರೀಕ್ಷೆ ಪೇಪರಿನ ಹಿಂದೆ, ಇಲಾಖೆಯ ಸುತ್ತೋಲೆಯ ಹಿಂದೆ, ಅವೂ ಮುಗಿದರೆ ತಾವೇ ಹಿಂದೊಮ್ಮೆ ಬರೆದು ಬೇಡವೆಂದು ಬಿಟ್ಟ ಹಾಳೆಯ ಹಿಂದೆ. "ಬಿಳೀ ಹಾಳೆ ಕಂಡ್ರೆ ನಂಗೆ ದಿಗಿಲು ಕಣ್ರೀ. ಒಂದ್ ಮಗ್ಗುಲು ಖಾಲಿ ಬಿಟ್ರೆ ನಮ್ಮವ್ವ ಬಂದು ಬೈದಂಗಾಯ್ತದೆ" ಅನ್ನುತ್ತಿದ್ದರು. ಯಾವ ಮಗ್ಗುಲು ಬೇಡವೋ ಅದಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ. ಮೇಷ್ಟ್ರಲ್ಲವೇ, ಜೇಬಿನಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತಿತ್ತು. "ಗೆರೆ ಇರೋ ಕಡೆ ಕಣ್ ಹಾಕ್ಬೇಡಿ ಗುರುಸ್ವಾಮಿಗಳೇ, ಅದು ಸತ್ತಿರೋದು" ಎಂದು ಮೊದಲೇ ಹೇಳಿದ್ದರು.

ನಾನು ಕಣ್ಣು ಹಾಕುತ್ತಿದ್ದೆ. ಎರಡೂ ಮಗ್ಗುಲನ್ನು ಓದದೆ ಒಂದು ಹಾಳೆಯನ್ನೂ ಕೆಳಗಿಡುತ್ತಿರಲಿಲ್ಲ. ಮನಸ್ಸಿನಲ್ಲೇ ಮಾರ್ಕ್ಸು ಕೊಡುತ್ತಿದ್ದೆ. ಇದು ಪರವಾಗಿಲ್ಲ, ಇದನ್ನು ಹೊಡೆದು ಹಾಕಿದ್ದು ಒಳ್ಳೆಯದಾಯಿತು, ಇದನ್ನು ಯಾಕೆ ಹೊಡೆದು ಹಾಕಿದರೋ. ಮೊಳೆ ಜೋಡಿಸುವವನು ಸಾಹಿತಿಯಾಗಲು ಹೊರಟರೆ ಏನಾಗುತ್ತದೆ ಅನ್ನುವುದನ್ನು ಹೇಳಲೆಂದೇ ಇಷ್ಟು ದೂರ ಬಂದಿದ್ದೇನೆ.

ನಾಲ್ಕನೆಯ ಪುಸ್ತಕ ಅವರ ಬಾಲ್ಯದ ಕಥೆ. ಬಿಡುಗಡೆಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಅವರಿಗೆ ಎಲೆಕ್ಷನ್ ಡ್ಯೂಟಿ ಬಂತು. "ಈ ಸಲ ಪ್ರೂಫ್ ನೀವೇ ನೋಡ್ಬಿಡಿ. ಎಲ್ಲಾ ನಿಮ್ಮ ಮೇಲೆ ಭಾರ" ಅಂದು ಹೋದರು. ಆ ಕಟ್ಟಿನಲ್ಲಿತ್ತು ಆ ಹಾಳೆ. ಒಂದು ಮಗ್ಗುಲಲ್ಲಿ ಹೀಗೆ ಬರೆದಿದ್ದರು: "ಆ ದಿನ ಮನೆಗೆ ರಾಗಿ ಬಂತು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ತಂದವರು ಹೇಳಲೂ ಇಲ್ಲ." ತಿರುಗಿಸಿದೆ. ಹಿಂದೆ ಹಳೆಯದು ಇತ್ತು: "ನಮ್ಮಕ್ಕ ದೊಡ್ಡಮನೆಯ ಕಣಜದಿಂದ ರಾಗಿ ಕದ್ದು ಮಡಿಲಲ್ಲಿ ತಂದಳು. ಬೀಸುವ ಸದ್ದು ಕೇರಿಗೆ ಕೇಳದಂತೆ ಅವ್ವ ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿದಳು. ಮುದ್ದೆ ನುಂಗುವಾಗ ನನಗೆ ಕಳ್ಳತನದ ರುಚಿ ಹತ್ತಲಿಲ್ಲ, ಹಸಿವು ಇಳಿದದ್ದಷ್ಟೇ ಗೊತ್ತು."

ನಿಂತಲ್ಲೇ ನನ್ನ ಕಣ್ಣು ಒದ್ದೆಯಾಯಿತು. ಆ ಮಗ್ಗುಲನ್ನೇ ಜೋಡಿಸಿದೆ.

ಇಪ್ಪತ್ತೈದು ವರ್ಷ ಇದನ್ನು ನಾನು ಕೈತಪ್ಪು ಎಂದೇ ಹೇಳಿಕೊಂಡು ಬಂದೆ. ಈ ಬರಹವನ್ನು ಮೊದಲ ಸಲ ಬರೆದಾಗಲೂ ಹಾಗೆಯೇ ಬರೆದು, ಆಮೇಲೆ ಹರಿದು ಹಾಕಿದೆ. ಕೆಂಪು ಗೆರೆ ಇತ್ತು. ಸ್ವಲ್ಪ ಸೊಟ್ಟಗೆ, ಢಾಳಾಗಿ ಇತ್ತು. ನೋಡಿದೆ. ಒಳ್ಳೆಯದು ಹಳೆಯದೇ, ಮೇಷ್ಟ್ರು ಹೆದರಿ ಹೊಡೆದು ಹಾಕಿದ್ದಾರೆ, ಅಚ್ಚಾದ ಮೇಲೆ ನೋಡಿ ಅವರಿಗೂ ಖುಷಿಯಾಗುತ್ತದೆ ಎಂದುಕೊಂಡೆ. ನನ್ನ ಸೊಕ್ಕಿಗೆ ಬೇರೆ ಹೆಸರಿಲ್ಲ.

ಪುಸ್ತಕ ಒಯ್ಯಲು ಬಂದ ದಿನ ಮೇಷ್ಟ್ರು ಅಚ್ಚು ಹಾಕುವ ಟ್ರೆಡಲ್ ಮಷೀನಿನ ಪಕ್ಕ ನಿಂತು ಪುಟ ತಿರುವುತ್ತಾ ಇದ್ದರು. ಒಂದು ಕಡೆ ಕೈ ನಿಂತಿತು.

"ಗುರುಸ್ವಾಮಿಗಳೇ, ಈ ಹಾಳೆಗೆ ನಾನು ಗೆರೆ ಎಳ್ದಿರ್ಲಿಲ್ವಾ?"

"ಇಲ್ಲ ಸಾ. ಎರಡೂ ಮಗ್ಗುಲಿಗೂ ಇರಲಿಲ್ಲ" ಅಂದೆ.

"ಓಹೋ. ಹಂಗಾದ್ರೆ ನಂದೇ ತಪ್ಪು" ಅಂದರು. ಮೊಳೆಗಳನ್ನು ಆಗಲೇ ಬಿಚ್ಚಿ ಹಾಕಿದ್ದೆವು. ಬಿಡುಗಡೆಗೆ ಮೂರೇ ದಿನ ಉಳಿದಿತ್ತು. ಕಟ್ಟುಗಳನ್ನು ಆಟೋದಲ್ಲಿ ಹಾಕಿಸಿಕೊಂಡು ಹೊರಟುಹೋದರು. ಪದ್ಧತಿಯಂತೆ ಕೈಬರಹದ ಕಟ್ಟನ್ನೂ ವಾಪಸು ಕೊಟ್ಟಿದ್ದೆ, ಆ ಒಂದು ಹಾಳೆಯನ್ನು ಬಿಟ್ಟು.

ಆ ಪುಟ ಮೇಷ್ಟ್ರ ಹೆಸರನ್ನು ಜಿಲ್ಲೆಯಾಚೆಗೂ ಒಯ್ದಿತು. ಸಭೆಗಳಲ್ಲಿ ಅದನ್ನೇ ಓದಿಸಿದರು, ಮಕ್ಕಳ ಪಾಠಕ್ಕೂ ಬಂತು. ನಾನು ಒಳಗೊಳಗೇ ಬೀಗಿದೆ. ಹಾಗೆ ಬೀಗುತ್ತಿದ್ದಾಗಲೇ ಒಂದು ಮಧ್ಯಾಹ್ನ ಮೇಷ್ಟ್ರು ಬಂದರು. ತಮಾಷೆ ಇಲ್ಲ, ಮಠದ ಮಾತಿಲ್ಲ. ಅವರ ಅಕ್ಕ ಹೊನ್ನಮ್ಮನನ್ನು ಹೆಮ್ಮರಗಾಲಕ್ಕೆ ಕೊಟ್ಟಿದ್ದರು. ಯಾರೋ ಅಲ್ಲಿ ಪುಸ್ತಕ ಓದಿ ಹೇಳಿದ್ದಾರೆ. ಅತ್ತೆ, ನಾದಿನಿ, ಓರಗಿತ್ತಿ ಎಲ್ಲರೂ ಕಳ್ಳಿ ಎಂದು ಆಡಿಕೊಂಡಿದ್ದಾರೆ. ಮನೆಯಲ್ಲಿ ಒಂದು ಸೇರು ಅಕ್ಕಿ ಕಡಿಮೆಯಾದರೂ ಆ ಹೆಂಗಸಿನ ಮುಖ ನೋಡುತ್ತಾರಂತೆ.

"ಇನ್ನೊಂದು ಮಗ್ಗುಲಲ್ಲಿ ನಾನು ಬೇರೆ ಬರ್ದಿದ್ದೆ ಅಂದ್ರೆ ಅಕ್ಕ ನಂಬ್ತಿಲ್ಲ. ತಂದು ತೋರ್ಸು ಅಂತಾಳೆ. ಆ ಹಾಳೆ ಏನಾದ್ರೂ ಇಲ್ಲೇ ಉಳ್ಕೊಂಡಿದ್ಯಾ ನೋಡಿ" ಅಂದರು.

ಹಾಳೆ ನನ್ನ ಪೆಟ್ಟಿಗೆಯಲ್ಲಿತ್ತು. ಕೊಟ್ಟರೆ ಕೆಂಪು ಗೆರೆ ಕಾಣುತ್ತದೆ, ಗೆರೆ ಕಂಡರೆ ನನ್ನ ಸುಳ್ಳು ಕಾಣುತ್ತದೆ. "ಮಸಿ ಒರೆಸೋಕೆ ತಗೊಂಡುಬಿಟ್ಟಿದ್ದಾರೆ ಸಾ" ಅಂದೆ. ಅವರು ತಲೆಯಾಡಿಸಿ ಮೆಟ್ಟಿಲಿಳಿದರು. ಮುಂದಿನ ಪುಸ್ತಕವನ್ನೂ ನಮಗೇ ಕೊಟ್ಟರು. ಅದರ ಒಂದೊಂದು ಹಾಳೆಯಲ್ಲೂ ಬೇಡದ ಮಗ್ಗುಲಿಗೆ ಒಂದರ ಬದಲು ಎರಡು ಗೆರೆ ಎಳೆದಿದ್ದರು. ಆ ಎರಡನೆಯ ಗೆರೆಗಳನ್ನು ನೋಡಿಕೊಂಡು ಇನ್ನೂರು ಪುಟ ಜೋಡಿಸಿದೆ.

ಆಮೇಲೆ ಕಂಪ್ಯೂಟರು ಬಂತು. ಯಜಮಾನರು ಮಷೀನನ್ನು ಗುಜರಿಗೆ ಕೊಟ್ಟು ಬಾಗಿಲು ಹಾಕಿದರು. ನಾನು ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಸೆಂಟರಿಗೆ ಸೇರಿದೆ. ನನ್ನ ಮಗಳ ವಯಸ್ಸಿನ ಹುಡುಗಿ ನನಗೆ ಕೀಬೋರ್ಡು ಕಲಿಸಿದಳು. ತಪ್ಪಾದರೆ ಎರಡು ಗುಂಡಿ ಒತ್ತಿದರೆ ಸಾಕು, ಮೊದಲಿದ್ದ ಹಾಗೆ ಆಗುತ್ತದೆ ಎಂದು ಅವಳು ತೋರಿಸಿದ ದಿನ ನಾನು ಕುರ್ಚಿ ಬಿಟ್ಟು ಎದ್ದು ಟೀ ಕುಡಿಯಲು ಹೋದೆ. ಅಲ್ಲಿಯೂ ಎಡವಟ್ಟುಗಳಾದವು. ಒಬ್ಬರ ಕ್ರಯಪತ್ರದಲ್ಲಿ ಗಡಿ ಹೇಳುವ ಚೆಕ್ಕುಬಂದಿಯ ಒಂದೇ ಸಾಲು ನಾಲ್ಕು ಸಲ ಬಿದ್ದು, ಕಪಿಲಾ ಹೊಳೆ ಅವರ ಜಮೀನಿನ ನಾಲ್ಕೂ ಕಡೆ ಹರಿಯಿತು. ಅಂಥವನ್ನೆಲ್ಲ ನಗುತ್ತಾ ತಿದ್ದಿಕೊಟ್ಟೆ. ಊರು ಬದಲಾಯಿತು, ಕೆಲಸ ಬದಲಾಯಿತು, ಪೆಟ್ಟಿಗೆಯೂ ಅದರೊಳಗಿನ ಹಾಳೆಯೂ ನನ್ನ ಜೊತೆಗೇ ಬಂದವು.

ಮೇಷ್ಟ್ರು ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹೊನ್ನಮ್ಮನವರು ಬಂದಿದ್ದರು, ಮನೆಯೊಳಗೆ ಕಾಲಿಡದೆ ಬೇವಿನ ಮರದಡಿ ಕೂತಿದ್ದರು. ತಮ್ಮನ ಮುಖ ನೋಡಲಿಲ್ಲ. ನಾನು ಅಲ್ಲಿ ಹತ್ತು ನಿಮಿಷ ನಿಲ್ಲಲಾರದೆ ಸಿಕ್ಕಿದ ಬಸ್ಸು ಹತ್ತಿದೆ.

ಮೇಷ್ಟ್ರ ಮಗಳು ಸುಜಾತ ನರಸೀಪುರದ ತಾಲೂಕು ಆಫೀಸಿನಲ್ಲಿ ಗುಮಾಸ್ತೆ. ತಾಯಿ ಗೌರಮ್ಮನವರ ಜೊತೆ ಸೇರಿ, ಅಪ್ಪ ಬರೆದದ್ದನ್ನೆಲ್ಲ ಕೈಬರಹಕ್ಕೆ ಹೋಲಿಸಿ ಹೊಸದಾಗಿ ಅಚ್ಚು ಹಾಕಿಸಲು ನಿಂತಳು. ಗೌರಮ್ಮನವರು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಹಾಳೆಯ ಹಿಂದಿನ ಪರೀಕ್ಷೆ ಪೇಪರು ನೋಡಿ, "ಇದು ನಾವು ಆ ಊರಿನ ಇಸ್ಕೂಲ್ನಲ್ಲಿದ್ದಾಗಿಂದು" ಎಂದು ಇಂಥ ವರ್ಷದ್ದೆಂದು ಹೇಳಿಬಿಡುತ್ತಿದ್ದರು. ಮೊಳೆ ಜೋಡಿಸಿದವನು ನಾನೇ ಅಲ್ಲವೇ, ಕಂಪ್ಯೂಟರಿಗೆ ಹಾಕುವ ಕೆಲಸಕ್ಕೂ ಸುಜಾತ, ಕೆಲಸ ಬಿಟ್ಟು ನಂಜನಗೂಡಿಗೆ ವಾಪಸಾಗಿದ್ದ ನನ್ನನ್ನೇ ಹುಡುಕಿಕೊಂಡು ಮನೆಗೆ ಬಂದಳು.

"ಎಲ್ಲಾ ಸಿಕ್ತು ಸಾರ್, ಒಂದು ಹಾಳೆ ಮಾತ್ರ ಇಲ್ಲ. ರಾಗಿದು. ಅಪ್ಪ ಕೊನೇ ತನಕ ಅದನ್ನೇ ಹುಡುಕ್ತಿದ್ರು. ಆಸ್ಪತ್ರೆಯಲ್ಲೂ, 'ಗೆರೆ ಎಳ್ದಿದ್ದೆ ಅಂತಲೇ ನೆನಪು ಕಣಮ್ಮ, ಎಳ್ದಿರ್ಲಿಲ್ವಂತೆ' ಅಂತಿದ್ರು."

ಆ ಮಾತು ಕೇಳಿ ಮೂರು ದಿನ ನಾನು ಒಂದು ಕಡೆ ಕೂರಲಿಲ್ಲ. ಬೆಳಿಗ್ಗೆ ಹೊಳೆಯವರೆಗೆ ನಡೆದೆ, ಮಧ್ಯಾಹ್ನ ಮತ್ತೆ ನಡೆದೆ. ನನ್ನ ಸುಳ್ಳನ್ನು ನಂಬಿ ಆ ಮನುಷ್ಯ ತನ್ನ ನೆನಪನ್ನೇ ಅನುಮಾನಿಸಿಕೊಂಡು ಸತ್ತಿದ್ದರು. ನಾಲ್ಕನೆಯ ದಿನ ಪೆಟ್ಟಿಗೆ ತೆಗೆದೆ. ಹಾಳೆಯನ್ನು ಸುಜಾತಳ ಟೇಬಲ್ಲಿನ ಮೇಲಿಟ್ಟು, "ಹಳೇ ಸಾಮಾನಿನಲ್ಲಿ ಸಿಕ್ತಮ್ಮ. ಅವತ್ತು ಗಡಿಬಿಡೀಲಿ ತಪ್ಪು ಮಗ್ಗುಲು ಜೋಡಿಸಿಬಿಟ್ಟಿದ್ದೆ" ಅಂದೆ. ಆಗಲೂ ಅರ್ಧವೇ ಹೇಳಿದೆ. ಅವಳು ಕೆಂಪು ಗೆರೆಯನ್ನು ನೋಡಿದಳು, ನನ್ನ ಮುಖ ನೋಡಿದಳು. ತಾಲೂಕು ಆಫೀಸಿನಲ್ಲಿ ಎಂಥೆಂಥ ಕಾಗದ ಕಂಡವಳು. "ಭಾನುವಾರ ಹೊನ್ನಮ್ಮತ್ತೆ ಹತ್ರ ಹೋಗೋಣ ಸಾರ್. ನೀವೂ ಬರ್ಬೇಕು" ಅಂದಳು ಅಷ್ಟೆ.

ಹೆಮ್ಮರಗಾಲದಲ್ಲಿ ಹೊನ್ನಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಎಂಬತ್ತು ದಾಟಿದ ಜೀವ. ಗಂಡ, ಅತ್ತೆ, ಆಡಿಕೊಂಡವರು ಎಲ್ಲರೂ ಹೋಗಿಯಾಗಿತ್ತು. ನನ್ನನ್ನು ನೋಡಿ ಎದ್ದು, ಮೇಲುಕೇರಿಯವರನ್ನು ಕರೆಯುವ ಹಳೆಯ ರೂಢಿಯಂತೆ, "ಬನ್ನಿ ಬುದ್ಧಿ, ಮ್ಯಾಕ್ಕೆ ಕುಂತ್ಕಳಿ" ಅಂದರು.

"ಬುದ್ಧಿ ಗಿದ್ಧಿ ಎಲ್ಲಾ ಬ್ಯಾಡ ಅತ್ತೆ. ಅಪ್ಪನ ಪುಸ್ತಕ ಅಚ್ಚು ಮಾಡ್ದೋರು ಇವ್ರು" ಅಂದು ಸುಜಾತ ಹಾಳೆ ತೆಗೆದಳು. ಎರಡೂ ಮಗ್ಗುಲನ್ನು ಓದಿದಳು. ಹೊನ್ನಮ್ಮನವರು ಸುಲಿಯುವುದನ್ನು ನಿಲ್ಲಿಸಲಿಲ್ಲ. ಓದಿ ಮುಗಿದ ಮೇಲೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡರು. ಓದು ಬಾರದವರು, ಗೆರೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಎಳೆದರು.

"ಇದು ಅವ್ನು ಎಳ್ದಿದ್ದಾ?"

"ಹೂಂ ಅತ್ತೆ. ಇದು ಬ್ಯಾಡ ಅಂತ."

ಅವರು ನನ್ನ ಕಡೆ ತಿರುಗಿದರು. "ನನ್ ಕಣ್ಗೇ ಕಾಣ್ತಾ ಅದೆ. ನಿಮ್ಗೆ ಕಾಣ್ನಿಲ್ವಾ?"

ಬಸ್ಸಿನಲ್ಲಿ ಬರುವಾಗ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬೆಳಕು ಕಡಿಮೆಯಿತ್ತು, ಕೆಲಸ ಜಾಸ್ತಿಯಿತ್ತು. ಬಾಯಿಗೆ ಅದು ಬರಲಿಲ್ಲ.

"ಕಾಣ್ತು. ಕಂಡೇ ಜೋಡಿಸ್ದೆ. ಅದೇ ಚೆನ್ನಾಗಿದೆ ಅನ್ನಿಸ್ತು. ಆಮೇಲೆ ಅವರು ಕೇಳಿದಾಗ ಗೆರೆ ಇರಲಿಲ್ಲ ಅಂತ ಸುಳ್ಳು ಹೇಳ್ದೆ. ಹಾಳೆ ನನ್ನ ಹತ್ರಾನೇ ಇತ್ತು. ತಪ್ಪು ನಂದು ತಾಯಿ, ನನ್ನನ್ನು ಕ್ಷಮಿಸಬೇಕು."

ಸುಜಾತ ತಲೆ ತಗ್ಗಿಸಿದಳು. ಹೊನ್ನಮ್ಮನವರು ಸಿಪ್ಪೆಯ ರಾಶಿಯನ್ನು ನೋಡುತ್ತಾ ಕೂತರು. "ಅವ್ನು ಈ ಜಗ್ಲೀಲಿ ಕುಂತ್ಕಂಡು ಯೋಳ್ದ, ಅಕ್ಕಾ ನಾನ್ ಬ್ಯಾರೆ ಬರ್ದಿದ್ದಿ ಅಂತ. ತಕ್ಕಬಾ ತೋರ್ಸು ಅಂದಿ. ಬರೀ ಕೈಲಿ ಬಂದ. ಸುಳ್ಗಾರ ಅಂದ್ಬುಟ್ಟಿ. ಇನ್ನೊಂದ್ ಸಲ ನನ್ ಅಟ್ಟೀಗ್ ಬರ್ಬ್ಯಾಡ ಅಂದ್ಬುಟ್ಟಿ" ಅಂದರು. ಹಾಳೆಯನ್ನು ಸುಜಾತಳ ಕೈಗೆ ಕೊಟ್ಟು, "ನೀನು ತಪ್ಪಾಯ್ತು ಅಂತ ಕೇಳಕೆ ನಾನಿದೀನಿ ಕಣಪ್ಪ. ನಾನು ಯಾರ್ ತಾವ ಕೇಳ್ಲಿ?" ಅಂದರು.

ಬುದ್ಧಿ ಹೋಗಿ ಕಣಪ್ಪ ಬಂದಿತ್ತು. ನನ್ನ ಯೋಗ್ಯತೆಗೆ ಅದೇ ಹೆಚ್ಚು. ಕ್ಷಮಿಸಿದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಸೊಸೆಯನ್ನು ಕೂಗಿ ನಮಗೆ ಊಟಕ್ಕಿಡಲು ಹೇಳಿದರು. ಅವರೆಕಾಳಿನ ಸಾರು, ಮುದ್ದೆ.

ಊಟವಾದ ಮೇಲೆ ಸುಜಾತ ತನ್ನ ಪೇಚಾಟ ಹೇಳಿಕೊಂಡಳು. ಜನ ಬಲ್ಲದ್ದು ಹಳೆಯ ಪುಟವನ್ನು, ಆ ಪುಟದಿಂದಲೇ ಅಪ್ಪನಿಗೆ ಹೆಸರು ಬಂದದ್ದು. ಆದರೆ ಅಪ್ಪನಿಗೆ ಬೇಕಾಗಿದ್ದದ್ದು ಇನ್ನೊಂದು. ಹೊಸ ಪುಸ್ತಕದಲ್ಲಿ ಯಾವುದನ್ನು ಹಾಕುವುದು? ಹೊನ್ನಮ್ಮನವರು ಯೋಚಿಸಲೇ ಇಲ್ಲ. "ಎಲ್ಡೂವೆ ಆಕು. ನಾನ್ ಕದ್ದಿದ್ದ ಊರೆಲ್ಲ ಓದಾಯ್ತು. ಅವ್ನು ಮುಚ್ಚಿದ್ನೂ ಓದ್ಲಿ. ಅಂಗೇ ಆ ಗೆರೇನೂ ಇರ್ಲಿ" ಅಂದರು.

ಎದುರುಬದುರು ಪುಟಗಳಲ್ಲಿ ಎರಡನ್ನೂ ಹಾಕಿದೆ. ಕೆಳಗೆ ಒಂದು ಟಿಪ್ಪಣಿ. ಹಳೆಯದನ್ನು ಲೇಖಕರು ಹೊಡೆದು ಹಾಕಿದ್ದರು, ಮೊಳೆ ಜೋಡಿಸಿದ ಗುರುಸ್ವಾಮಿ ಗೆರೆಯನ್ನು ಕಂಡೂ ಜೋಡಿಸಿದ, ಎಂದು. ಸುಜಾತ ಇನ್ನೂ ಮೆತ್ತಗೆ ಬರೆದಿದ್ದಳು, ನಾನೇ ತಿದ್ದಿದೆ. ಅಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ನನ್ನ ಹೆಸರು ಪುಸ್ತಕದೊಳಗೆ ಅಚ್ಚಾದದ್ದು ಅದೊಂದೇ ಸಲ. ಆದರೆ ಗೆರೆಯದೇ ತೊಡಕು. ಒಳಪುಟಗಳು ಕಪ್ಪುಬಿಳುಪು, ಕೆಂಪು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಎಳೆದ ಕಪ್ಪು ಗೆರೆ ದಾರ ಹಿಡಿದ ಹಾಗೆ ನೆಟ್ಟಗೆ ಬಂತು. ಅದು ಮೇಷ್ಟ್ರ ಗೆರೆಯಲ್ಲ. ಅಳಿಸಿದೆ. "ಪುಸ್ತಕ ಬರಲಿ, ಗೆರೆ ನಾನು ಕೈಯಲ್ಲೇ ಎಳೀತೀನಿ" ಅಂದೆ.

"ಐನೂರು ಪ್ರತಿಗಾ ಸಾರ್?"

"ಐನೂರಕ್ಕೂ."

ಹೋದ ತಿಂಗಳು ಮೇಷ್ಟ್ರ ಮನೆಯ ನಡುಮನೆಯಲ್ಲಿ ಕೂತೆವು. ಗೌರಮ್ಮನವರು ಕಟ್ಟು ಬಿಚ್ಚಿ ಕೊಡುವುದು, ಸುಜಾತ ಪುಟ ತೆಗೆದು ಮುಂದಿಡುವುದು, ನಾನು ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಎಳೆಯುವುದು. ಮೂಲ ಹಾಳೆಯನ್ನು ಎದುರಿಗೇ ಒರಗಿಸಿಟ್ಟುಕೊಂಡಿದ್ದೆ. ಬುದ್ಧಿಗೆ ಕೆಲಸವಿಲ್ಲ, ಕಣ್ಣ ಮುಂದಿದ್ದದ್ದನ್ನು ಕೈ ಎಳೆಯಬೇಕು ಅಷ್ಟೆ. ಯಜಮಾನರು ಹೇಳಿದ ಕೆಲಸವನ್ನು ಅವತ್ತು ಮೊದಲ ಸಲ ಸರಿಯಾಗಿ ಮಾಡಿದೆ ಅನ್ನಿಸಿತು.

ಹೊನ್ನಮ್ಮನವರೂ ಬಂದಿದ್ದರು. ಇಪ್ಪತ್ತೈದು ವರ್ಷದ ಮೇಲೆ ತಮ್ಮನ ಹೊಸಿಲು ದಾಟಿದ್ದರು. ಗೋಡೆಗೊರಗಿ, ಒಂದೊಂದು ಗೆರೆಯನ್ನೂ ನೋಡುತ್ತಾ ಕೂತಿದ್ದರು. ಇನ್ನೂರೋ ಇನ್ನೂರೈವತ್ತೋ ಆಗಿರಬೇಕು, ಪುಸ್ತಕವೊಂದರ ಮೇಲೆ ಪೆನ್ನು ಊರುವಷ್ಟರಲ್ಲಿ ಅವರ ಕೈ ಅಡ್ಡ ಬಂತು.

"ಇದ್ಕೆ ಎಳೀಬ್ಯಾಡ."

"ಯಾಕವ್ವಾ?"

"ಇದು ನಂಗೆ. ನಾನ್ ತಂದು ಅವ್ನಿಗೆ ಉಣ್ಸಿದ್ದು ಸುಳ್ಳಾ?"

ಪುಸ್ತಕವನ್ನು ಮುಚ್ಚಿ, ಸೀರೆಯ ಮಡಿಲಿಗೆ ಹಾಕಿ, ಸೆರಗು ಬಿಗಿದು ಕಟ್ಟಿಕೊಂಡರು. ಸುಜಾತ ಮುಂದಿನ ಪ್ರತಿಯನ್ನು ತೆರೆದು ನನ್ನ ಮುಂದಿಟ್ಟಳು.